ಕರೆಂಟ್ ಬರೋತನಕ

ಅಯ್ಯಯ್ಯ, ಬ್ಯಾಡ್ರಿ ಅತ್ತೀ, ಫ್ರಿಜ್ಜಿನ ಬಾಗಲಾ ತಗೀಬ್ಯಾಡ್ರಿ! ಕರೆಂಟ್ ಹೋದಾಗ ತಗದ್ರ ಒಳಗಿನ ತಂಪೆಲ್ಲ ಹೊರಗ ಹೋಗ್ತದ ಅಂತ ನೀವ ಹೇಳಿಕೊಟ್ಟದ್ದಲ್ಲ? ನಾ ಮಾತು ಕೇಳೋ ಸೊಸಿನ್ರಿ… ಆ ಮಸರಿನ ಗಡಿಗಿ ಇಲ್ಲಿ ಕೊಡ್ರಿ. ನಾ ಇಡ್ತೀನಿ. ಈಗಲ್ಲ, ಆಮ್ಯಾಲ. ಅರಕೇರಾದಿಂದ ಇಂಥಾ ಬಿಸಲಾಗ ಬಸ್ಸಿನ್ಯಾಗ ಬಂದೀರಿ, ಮೊದ್ಲು ಫ್ಯಾನಿನ ಕೆಳಗ ಕುಂದ್ರಿ. ಹಾಂ, ಫ್ಯಾನೂ ತಿರಗವಲ್ದು, ಖರೆ. ಹಂಗಾರ ಕಿಡಕಿ ಹತ್ರ ಕುಂದ್ರಿ.

ತಗೋರಿ ನೀರು. ರಂಜಣಿಗಿದು. ಯಾಕ, ಮಾರಿ ಯಾಕ ಹಂಗ ಮಾಡ್ತೀರಿ? ಹೊಸಾ ಮಣ್ಣಿನ ರಂಜಣಿಗಿ ಅತ್ತೀ, ಎಷ್ಟು ತಣ್ಣಗದ ಗೊತ್ತೇನು! ಗಂಟಲಿಗೂ ಛಲೋ. ಡಾಕ್ಟರೂ ಅದನ್ನ ಹೇಳ್ತಾರ. ಯಾವ ಡಾಕ್ಟರಾ?… ಎಲ್ಲಾ ಡಾಕ್ಟರೂ ಹೇಳ್ತಾರ ಬಿಡ್ರಿ. ಆತು, ಒಲ್ಲೆಂದ್ರ ಗ್ಲಾಸು ಅಲ್ಲೇ ಇರ್ಲಿ. ನನಗ ಗೊತ್ತದ. ನಿಮ್ಮ ಸ್ವಂತ ದುಡಿಮಿ ಫ್ರಿಜ್ಜು ಅದು. ನಾ ಈ ಮನಿಗಿ ಬಂದ ವರ್ಷ ಟೆಂಪೋದಾಗ ಹಾಕಿಸಿ, ನೀವ ಅದನ್ನ ಹಿಡ್ಕೊಂಡು ನಿಂತು ರಾಯಚೂರತನಕ ಬಂದ್ರಿ. “ನನಗ ಸೀರಿ ಬ್ಯಾಡ, ಬಂಗಾರ ಬ್ಯಾಡ ವಿಶಾಖಾ, ಬ್ಯಾಸಗ್ಯಾಗ ಬಂದ್ರ ಇದರಾಗಿಂದು ಒಂದು ಗ್ಲಾಸು ನೀರು ಕೊಡು, ಸಾಕು” ಅಂದ್ರಿ. ಮರ್ತಿಲ್ಲ ಅತ್ತೀ. ಮರ್ತಿದ್ರ ನನಗ ಇಷ್ಟು… ಏನಿಲ್ಲ, ಏನಿಲ್ಲ.

ಏನ್ರಿ? ಇವತ್ತ ಭಾಳ ಮಾತಾಡಾಕತ್ತೀನಾ? ಅಲ್ರಿ, “ನಮ್ಮ ಸೊಸಿ ಬಾಯಿ ಕಾಲೇಜಿನ ಲ್ಯಾಬ್‌ನ್ಯಾಗ ಬಿಟ್ಟು ಬರ್ತಾಳ” ಅಂತ ಊರೆಲ್ಲ ಹೇಳ್ಕೊಂಡು ಬಂದವ್ರು ನೀವ! ಈಗ ಮಾತಾಡಿದ್ರ ಅದೂ ತಪ್ಪಾ?

ಬರ್ರಿ, ಈ ಕಡಿ ಬರ್ರಿ, ಒಂದು ತೋರಿಸ್ತೀನಿ. ಟೇಬಲ್ ಕೆಳಗ ನೋಡಬ್ಯಾಡ್ರಿ! ಅದು… ಹಳೇ ಸಾಮಾನು, ಧೂಳಾಗ್ತದ ಅಂತ ಸೀರಿ ಮುಚ್ಚೀನಿ. ಮ್ಯಾಲೆ ನೋಡ್ರಿ. ಈ ನಾಕು ಗಾಜಿನ ಬುಡ್ಡಿ. ಬಲ್ಬ್ ಅಲ್ರಿ, ಗಡಿಯಾರ. ಖರೆನ ಗಡಿಯಾರ! ಮುಳ್ಳೆಲ್ಲಿ ಅಂತೀರಾ? ಮುಳ್ಳಿಲ್ಲದ್ದು. ಒಳಗ ಹಣಿಕಿ ಹಾಕಿ ನೋಡ್ರಿ, ಸಣ್ಣ ಸಣ್ಣ ತಂತಿ ಕಾಣ್ತಾವಿಲ್ಲ? ಒಂದೊಂದು ಬುಡ್ಡ್ಯಾಗ ಸೊನ್ನಿಯಿಂದ ಒಂಬತ್ತರತನಕ ಎಲ್ಲಾ ಅಂಕಿ, ಒಂದರ ಹಿಂದ ಒಂದು ನಿಂತಾವ. ಯಾವ ತಂತಿಗಿ ಕರೆಂಟ್ ಕೊಡ್ತೀವೋ ಆ ಅಂಕಿ ಒಂದ ಹೊಳಿತದ, ಉಳಿದವು ಸುಮ್ಕ ಇರ್ತಾವ. ನಿಕ್ಸಿ ಟ್ಯೂಬ್ ಅಂತಾರ. ಹಿಂದಿನ ಕಾಲದಾಗ ಮಿಷಿನ್ಯಾಗ ಅಂಕಿ ತೋರ್ಸಾಕ ಇವನ್ನ ಹಾಕ್ತಿದ್ರು. ಈಗ ನನ್ನಂಥಾ ಹುಚ್ಚರು ಮನ್ಯಾಗ ಕುಂತು ಮಾಡ್ತೀವಿ. ನಗ್ರಿ, ನಗ್ರಿ! ನಿಮ್ಮ ಮಗನೂ ಹಿಂಗ ನಕ್ಕಿದ್ರು. ಮುಟ್ಟಬ್ಯಾಡ್ರಿ ಯವ್ವಾ, ಕರೆಂಟ್ ಬಂದ್ರ ಜೋರು ಹೊಡಿತದ.

ಸುಲಭ ಅಲ್ರಿ ಇದು. ಅಂಕಿ ಎಲ್ಲ ಸ್ಟೀಲ್ ತಂತಿ ಬಗ್ಗಿಸಿ ನಾನ ಮಾಡೀನಿ. ಗಾಜು ಬೆಂಕಿಯಾಗ ಕರಗಿಸಿ ಮುಚ್ಚೋದೂ ನಾನ. ಮೊದ್ಲ ಮೊದ್ಲ ಎಷ್ಟು ಒಡದೆ ಅಂತೀರಿ! ಮುಚ್ಚಿದ ಮ್ಯಾಲ ಆರಾಕ ಇಟ್ರ ಟಕ್ ಅಂತ ಸೀಳತಿತ್ತು. ಗಾಜು ಒಮ್ಮಿಗಿಲೆ ಆರಬಾರದು, ಮೆಲ್ಲಕ ಆರಬೇಕು. ಏನು ಮಾಡಿದೆ ಗೊತ್ತಾ? ಓಣ್ಯಾಗ ಮುನವ್ವರ್ ಬೀ ಅವರದ್ದು ಮಂಡಕ್ಕಿ ಭಟ್ಟಿ ಅದಲ್ಲ, ಕೆಲಸ ಮುಗಿದ ಮ್ಯಾಲ ಅವರ ಬಿಸಿ ಉಸುಕಿನ್ಯಾಗ ಹುಗದು ಬಂದೆ! ಉಸುಕು ಆರಿದಂಗ ಗಾಜೂ ಆರ್ತದ. ಒಂದೂ ಸೀಳಲಿಲ್ಲ. ಅವ್ರು ಏನಂದ್ರು ಅಂತೀರಾ? “ತೇರೆ ಮಂಡಕ್ಕೀಮೇ ಬಲ್ಬ್ ನಿಕಲ್ತಾ, ನಿನ್ನ ಮಂಡಕ್ಕ್ಯಾಗ ಬಲ್ಬ್ ಬರ್ತದ ಅಂತ ನನ್ನ ಗಿರಾಕಿ ಬೈತಾರ ಬೇಟಿ” ಅಂದ್ರು. ಆದ್ರೂ ಒಂದು ದಿನ ಬ್ಯಾಡ ಅನಲಿಲ್ಲ, ಪುಣ್ಯಾತ್ಗಿತ್ತಿ.

ಇನ್ನ ಒಳಗ ಗ್ಯಾಸ್ ತುಂಬಬೇಕು. ಹಳೇ ಅಂಗಡಿ ಬೋರ್ಡಿಗಿ ಹಾಕ್ತಿದ್ರಲ್ಲ ಕೆಂಪು ದೀಪ, ಅದರ ಗ್ಯಾಸ್. ಬೋರ್ಡು ಮಾಡೋರ ಹತ್ರ ಒಂದು ಸಣ್ಣ ಸಿಲಿಂಡರ್ ಉಳದಿತ್ತು. ಅದಕ್ಕಿಂತ ಮೊದ್ಲು ಒಳಗಿನ ಗಾಳಿ ಎಲ್ಲ ಹೀರಿ ತಗೀಬೇಕು. ಚೂರೂ ಉಳೀಬಾರದು.

ಹೆಂಗ ಹೀರೋದಾ?

ಅದಾ… ಅದು ಒಂದು ಪಂಪಿನ್ಲೆ. ಇತ್ತು ಒಂದು. ಎಲ್ಲಿ ಸಿಕ್ತೂ… ಸಿಕ್ತು ಅತ್ತೀ, ಹತ್ರನ ಸಿಕ್ತು. ನೀರು ಕುಡೀರಲ್ಲ, ಬಾಯಿ ಒಣಗಿರ್ತದ. ಇಲ್ಲ, ನನಗ ಬೆವರು ಬಂದದ್ದು ಶಕಿಗಿ. ರಾಯಚೂರು ಬ್ಯಾಸಗಿ ನಿಮಗ ಹೊಸದಾ?

ಈ ಅಂಕಿ ಯಾರ ಬರವಣಿಗಿ ಅಂತ ಈಗ ಹೇಳಂಗಿಲ್ಲ. ಹೊತ್ತಿದ ಮ್ಯಾಲ ನೀವ ಹೇಳ್ತೀರಿ. ಕರೆಂಟ್ ಬರ್ಲಿ. ಬರ್ಲಿ… ಅವಸರಿಲ್ಲ, ಆರಾಮ ಬರ್ಲಿ. ಏನಂದ್ರಿ? ಬಂದ್ರ ನಿಮಗ ಗೊತ್ತಾಗ್ತದಾ? ಹೂಂ, ಹೂಂ… ಫ್ರಿಜ್ಜು ಧಡಕ್ ಅಂತ ಮೈ ಕೊಡವತದ, ಮ್ಯಾಲಿನ ಸ್ಟೀಲ್ ಡಬ್ಬಿ ಕುಣಿತಾವ, ಆಮ್ಯಾಲ ಗುರ್ರ್ ಅಂತದ. ಆ ಸಪ್ಪಳ ಇದ್ರ ಮನ್ಯಾಗ ಮಂದಿ ಅದಾರ ಅನ್ನಿಸ್ತದ ಅಂತೀರಿ, ಅದರ ಬಾಜೂಕ ಹಾಸಿಗಿ ಹಾಕ್ಕೊಂತೀರಿ. ಗೊತ್ತದ ಅತ್ತೀ. ಆದ್ರ ಇವತ್ತ ಫ್ಯಾನ್ ನೋಡ್ಕೊಂತ ಕುಂದ್ರಿ. ಅದ ಚುರುಕು, ಲಗು ಹೇಳ್ತದ.

ಬಂತು! ಬಂತು ನೋಡ್ರಿ! ಆ ಕಡಿ ಅಲ್ಲ, ಇಲ್ಲಿ, ಇಲ್ಲಿ ನೋಡ್ರಿ! ಹೊತ್ತಿತು ಅತ್ತೀ… ಸೊನ್ನಿ… ಮೂರು… ಒಂದು… ಏಳು. ಮೂರು ಗಂಟಿ ಹದಿನೇಳು ನಿಮಿಷ, ಒಳಗ ಸಣ್ಣ ಸೆಲ್ ಅದ, ಕರೆಂಟ್ ಹೋದ್ರೂ ಹೊತ್ತು ಮರಿಯಂಗಿಲ್ಲ. ಒಲ್ಯಾಗಿನ ಕೆಂಡದ ಬಣ್ಣ, ಹೌದಿಲ್ಲ? ಆ ಮೂರು ಚಂದಾಗಿ ನೋಡ್ರಿ. ಅದರ ಬಾಲ ನೋಡ್ರಿ. ಮೂರಕ್ಕ ಅಷ್ಟುದ್ದ ಬಾಲ ಯಾರು ಎಳಿತಾರ? ಅರಕೇರಾದಾಗ ಒಬ್ಬರ ಎಳಿತಾರ… ಹೂಂನ್ರಿ! ಅಂಗನವಾಡಿ ಗ್ವಾಡಿ ಮ್ಯಾಲಿಂದು! ಅಮರಮ್ಮ ಟೀಚರ್, ಅಂದ್ರ ನಿಮ್ಮ ಕೈಬರಹ! ದೀಪಾವಳಿಗಿ ಬಂದಾಗ ಕಳ್ಳಂಗ ಮೊಬೈಲ್‌ನ್ಯಾಗ ಫೋಟೋ ಹೊಡ್ಕೊಂಡಿದ್ದೆ. ಹೊಸಾ ಟೀಚರ್ ಬಂದು ಗ್ವಾಡಿಗಿ ಬಣ್ಣ ಹೊಡಸಿದ್ರಂತ, ಅಲ್ಲೀಗ ಏನೂ ಉಳಿದಿಲ್ಲಂತ. ಇಲ್ಲಿ ಉಳದಾವ ಅತ್ತೀ. ಊರಿನ ಹುಡುಗ್ರೆಲ್ಲ ಈ ಬಾಲದ ಮೂರು ನೋಡಿ ಎಣಸಾಕ ಕಲ್ತಾರ. ನಿಮ್ಮ ಮಗನೂ ಇನ್ನೂ ಹಂಗ ಬರಿತಾರ!

ಇದು ನಿಮಗ. ನೀವು ರಿಟೈರ್ ಆದಾಗ ನಿಮ್ಮನ್ನ ಬೀಳ್ಕೊಟ್ಟ ದಿನ ಎಲ್ಲಾರೂ ಶಾಲು ಹಾಕಿದ್ರು, ಹಾರ ಹಾಕಿದ್ರು, ನಾ ಬರಿಗೈಲೆ ನಿಂತಿದ್ದೆ. ನಾ ಬಸ್ ಹತ್ತೋವಾಗ ನೀವು ನನ್ನ ಮಾರಿ ನೋಡ್ಲಿಲ್ಲ. ನನಗ ಭಾಳ ಕೆಟ್ಟನಿಸ್ತು ಅತ್ತೀ. ಒಂದೂ ಬುಡ್ಡಿ ಹೊತ್ತಿದ್ದಿಲ್ಲ ಆಗ, ಏನಂತ ಹೇಳ್ಲಿ? ಅವತ್ತ ಮನಿಗಿ ಬಂದು, ಏನಾರ ಆಗ್ಲಿ ಹೊತ್ತಿಸೋದ ಅಂತ ಕುಂತೆ.

ಕಣ್ಣಾಗ ನೀರು ಬಂತಾ?… ಇಲ್ಲ?

ಅತ್ತೀ, ಗಡಿಯಾರ ಇಲ್ಲಿ ಅದ. ಅಡಗಿ ಮನಿ ಕಡಿ ಏನು ನೋಡ್ತೀರಿ? ನಿಮ್ಮ ಮೂರು ನೋಡ್ರಿ, ಎಷ್ಟು ಚಂದ… ಹಿಂಗ ಕಿವಿಗೊಟ್ಟು ನಿಂದ್ರಬ್ಯಾಡ್ರಿ. ಏನು ಕೇಳಾಕತ್ತೀರಿ? ಫ್ಯಾನಿನ ಸಪ್ಪಳ ಅಷ್ಟ ಅದ…

ಹೂಂ. ಫ್ಯಾನಿನ ಸಪ್ಪಳ ಅಷ್ಟ ಅದ.

ಡಬ್ಬಿ ಕುಣಿಲಿಲ್ಲ. ಕುಣಿಯಂಗಿಲ್ಲ ಅತ್ತೀ.

ಸೀರಿ ಎತ್ರಿ. ಎತ್ರಿ, ಇನ್ನೇನು ಮುಚ್ಚೋದದ! ಅದನ್ರಿ, ಫ್ರಿಜ್ಜಿನ ಹಿಂದ ಇರ್ತಿತ್ತಲ್ಲ ಕರೀ ಗುಂಡು, ಕಂಪ್ರೆಸರ್ ಅಂತಾರ, ಗುರ್ರ್ ಅಂತಿದ್ದದ್ದು ಅದ. ಗಾಳಿ ಹೀರಾಕ ಸೈಕಲ್ ಪಂಪು ಉಲ್ಟಾ ಮಾಡಿ ನೋಡಿದೆ, ಆಗಲಿಲ್ಲ. ಇದು ಹೀರ್ತು. “ಅವ್ವನ ಫ್ರಿಜ್ಜು, ಬ್ಯಾಡ” ಅಂತ ನಿಮ್ಮ ಮಗ ಕೈ ಹಿಡದ್ರು. ನಾನ ಕೊಯ್ದೆ. ಹೊಸದು ಕೂಡ್ರಸ್ತೀನಿ ಅತ್ತೀ, ನೀವು ಬರೋದ್ರಾಗ ಆಗ್ತದ ಅನ್ಕೊಂಡಿದ್ದೆ, ನೀವು ಮೊದ್ಲ ಬಂದ್ರಿ… ಬೈರಿ. ಒಂದು ಮಾತಾರ ಬೈರಿ ಯವ್ವಾ!

ಎಲ್ಲಿಗಿ ಹೊಂಟ್ರಿ?… ಮಸರಿನ ಗಡಿಗಿಗಿ ಹಸಿ ಅರಬಿ ಸುತ್ತಾಕತ್ತೀರಾ? ಕೊಡ್ರಿ, ನಾ ಸುತ್ತತೀನಿ. ಬ್ಯಾಡಾ? ಆತು… ಕುರ್ಚಿ ಯಾಕ ಎಳಿತೀರಿ? ಗಡಿಯಾರದ ಮುಂದ?… ಕುಂದ್ರಿ, ಕುಂದ್ರಿ. ಇನ್ನ ಸ್ವಲ್ಪ ಹೊತ್ತಿಗಿ ನಾಕು ಬರ್ತದ, ನಿಮ್ಮ ನಾಕು ಇನ್ನೂ ಚಂದ ಅದ.

ಅಯ್ಯ, ಆ ಗ್ಲಾಸು ಒಲ್ಲೆಂದಿದ್ರಿ… ಕುಡಿದ್ರಿ. ಪೂರಾ ಕುಡಿದ್ರಿ! ಏನು, ಗ್ಲಾಸು ನನ್ನ ಕಡಿ ಯಾಕ ಚಾಚ್ತೀರಿ… ಇನ್ನೊಂದಾ? ರಂಜಣಿಗಿದ?

ತಂದೆ ಅತ್ತೀ, ತಂದೆ!