ನೋಡಿದಷ್ಟು ರೇಟು

ಹಲೋ... ಹಲೋ, ಯಾರು ಮಾತಾಡೂದು? ಲೋಕೇಶನ ಸ್ಟುಡಿಯೋ ಹೌದಲ್ಲೋ?...

ಏನು? ಕನ್ನಡದಾಗ ಹೇಳವಾ. ಒಂದು ಒತ್ತು, ಎರಡು ಒತ್ತು ಅಂತ ನನ್ನ ಆಡಸಬ್ಯಾಡ. ಲೋಕೇಶಗ ಕೊಡು ಫೋನು. ಬಸಕ್ಕ ಅನ್ನು, ತಿಳೀತೈತಿ ಅವಗ...

ಹಾಂ, ಲೋಕೇಶ? ಯಾವ ಬಸಕ್ಕ ಅಂತ ಕೇಳ್ತೀಯಲ್ಲೋ. ಪೀಣ್ಯಾದ ಖಾನಾವಳಿ ಬಸಕ್ಕ. ನಾಗಸಂದ್ರದಾಗ ನಿನ್ನ ಸ್ಟುಡಿಯೋ ಇದ್ದಾಗ ದಿನಾ ಬಂದು, ಅಕ್ಕಾ ಇನ್ನೊಂದು ರೊಟ್ಟಿ ಅಂತ ತಾಟು ಚಾಚತಿದ್ದಿಯಲ್ಲ, ಆ ಬಸಕ್ಕ. ಮೆಟ್ರೋ ಕಂಬ ಬಂತು ಅಂತ ಅಂಗಡಿ ಎತ್ತಿದಿ, ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಆಫೀಸು ಮಾಡಿದಿ, ಧ್ವನಿನೂ ಮರತಿ, ಅಲ್ಲಾ?...

ಆರಾಮ ಅದೀನಿ, ಉಪಚಾರ ಬ್ಯಾಡ. ನನ್ನ ತಮ್ಮನ ಫೋಟೋಕ್ಕ ಏನು ರೇಟ್ ಹಚ್ಚೀಯೋ ನೀನು?...

ಸಿದ್ರಾಮ. ಲೇತ್ ಮಷೀನಿನವ. ಆಯುಧಪೂಜಿ ದಿನ ಅವರ ಫ್ಯಾಕ್ಟರಿಗೆ ಬಂದು ಒಬ್ಬೊಬ್ಬರನ್ನ ಅವರವರ ಮಷೀನಿನ ಮುಂದ ನಿಲ್ಲಿಸಿ ಫೋಟೋ ಹೊಡದಿ. ಮೊದಲೆಲ್ಲಾ ಅವನ್ನ ಅಂಗಡ್ಯಾಗ ದಾರಕ್ಕ ನೇತಹಾಕ್ತಿದ್ದಿ. ತಂತಮ್ಮ ಮಾರಿ ಗುರುತು ಹಿಡದು, ಎಲ್ಲರೂ ಒಂದ ರೇಟ್ ಕೊಟ್ಟು ಒಯ್ತಿದ್ರು. ಈ ವರ್ಷ ಇಂಟರ್ನೆಟ್ಟಿನಾಗ ಹಾಕೇನಿ, ಅಲ್ಲೇ ತಗೋರಿ ಅಂದಿ. ಮೊದಲನೇ ದಿನ ಸಣ್ಣ ಸೈಜಿಗೆ ಅರವತ್ತು ಇತ್ತು. ಪಗಾರ ಆಗಲಿ ಅಂತ ಬಿಟ್ವಿ. ಆಮ್ಯಾಲೆ ನೋಡಿದ್ರ ನೂರಾ ಇಪ್ಪತ್ತು. ನಿನ್ನೆ ಸೈಬರ್ ಸೆಂಟರಿನಾಗ ತಗಸಿದೆ, ಎರಡುನೂರಾ ನಲವತ್ತು. ಏನು, ಅವ ಕಂಪ್ಯೂಟರಿನ ಒಳಗ ಕೂತು ಬೆಳಿಯಾಕತ್ತಾನೇನು?...

ಕಾಗದ ಚಲೋದಾ? ನಡುವ ಯಾವಾಗ ಬದಲಾತು ಕಾಗದ? ಸೈಜೂ ಅದಾ, ಕಾಗದಾನೂ ಅದಾ, ಮಾರಿನೂ ಅದಾ. ಆ ಮಾರಿ ಅವ ಹುಟ್ಟಿದಾಗಿನಿಂದ ನೋಡೀನಿ. ರೇಟ್ ಏರೂವಂಥಾ ಮಾರಿ ಅಲ್ಲ ಅದು...

ಹಾಂ? ನೀ ಹಚ್ಚೂದಲ್ಲಾ? ಮತ್ತ ಯಾರು ಹಚ್ಚತಾರ?...

ಕಂಪ್ಯೂಟರ್ ತಾನಾ ಹಚ್ಚತೈತಿ. ಎಷ್ಟು ಸಲ ನೋಡ್ತಾರೋ ಅಷ್ಟು ಏರತೈತಿ. ತಡಿ, ತಡಿ, ಮತ್ತೊಮ್ಮೆ ಹೇಳು. ತಗೊಂಡ್ರ ಅಲ್ಲ, ಬರೇ ನೋಡಿದ್ರ?...

ಶಭಾಷ್. ಎಂಥಾ ವ್ಯಾಪಾರ ಕಂಡುಹಿಡದೀಯೋ. ನನ್ನ ಖಾನಾವಳಿ ಬಾಗಲಾಗ ದಿನಾ ಅರ್ಧ ಪೀಣ್ಯಾ ನಿಂತು ಹಣಿಕಿ ಹಾಕತೈತಿ, ಇವತ್ತ ಪಲ್ಯ ಏನು ಅಂತ. ಹಣಿಕಿ ಹಾಕಿದ್ರು ಅಂತ ನಾ ರೊಟ್ಟಿ ರೇಟ್ ಏರಿಸಿದ್ರ, ನನ್ನ ತಂದು ನನ್ನ ಒಲಿಗೇ ಹಾಕತಾರ. ನಿನಗ ಅದಾ ಕೆಲಸಕ್ಕ ಏಸಿ ರೂಮು, ಫೋನ್ ಎತ್ತಾಕ ಒಬ್ಬಾಕಿ ಹುಡುಗಿ...

ಡಿಮ್ಯಾಂಡಾ? ಸಿದ್ರಾಮಗಾ? ಒಮ್ಮೆ ತಗದು ನೋಡು ಆ ಫೋಟೋ. ಮಷೀನಿಗೆ ಬಾಳಿಕಂಬ ಏನು, ಚೆಂಡುಹೂವಿನ ಮಾಲಿ ಏನು, ಮದುಮಗ ಅಂದ್ರ ಅದಾ. ಇವ ಬಾಜೂಕ ಅದರ ಚಪ್ಪಲಿ ಕಾಯಾಕ ನಿಂತವರಂಗ ನಿಂತಾನ. ಡಿಮ್ಯಾಂಡ್ ಅಂತ, ಡಿಮ್ಯಾಂಡು. ಎರಡು ಕಡೆ ಹೆಣ್ಣಿನವರು ನೋಡಿ ಬ್ಯಾಡ ಅಂದ ಹುಡುಗ ಅವ...

ಅದಕ್ಕಾ ಬೇಕೋ ಫೋಟೋ. ಇದು ಮೂರನೇ ಸಂಬಂಧ. ಹುಡುಗಿ ಅಪ್ಪ ಸಂಗಣ್ಣ ಅಂತ. ಹಬ್ಬ ಮುಗಿದ ಮ್ಯಾಲೆ ಇಲ್ಲಿಗೇ ಬಂದಿದ್ದ, ಖಾನಾವಳ್ಯಾಗ ಕೂತು ಉಂಡ, ಹುಡುಗನ್ನ ಮ್ಯಾಲಿಂದ ಕೆಳಗ ನೋಡಿದ, ಹೇಳ್ತೀವಿ ಅಂತ ಎದ್ದ. ಹೋದವ ಹೋದ. ಫೋನ್ ಎತ್ತಂಗಿಲ್ಲ. ಹುಡುಗಿ ನಮ್ಮವನ್ನ ನೋಡೇ ಇಲ್ಲ. ನಿಮ್ಮೂರ ಕಂಪ್ಯೂಟರಿನಾಗೂ ನಮ್ಮ ಹುಡುಗನ ಫೋಟೋ ಬರತೈತ್ರಿ, ತೋರಸ್ರಿ ಅಂತ ನಿನ್ನ ಅಂಗಡಿ ಹೆಸರು ಹೇಳಿ ಕಳಿಸಿದ್ದೆ. ತೋರಿಸಿದನೋ, ದಾರ್ಯಾಗ ಮರತನೋ. ನಾಳೆ ಅವರ ಪೈಕಿ ಮಹಾದೇವಿ ಊರಿಗೆ ಹೊಂಟಾಳ. ಆಕಿ ಕೈಯಾಗ ಕೊಟ್ಟು ಹುಡುಗಿಗೇ ಮುಟ್ಟಿಸಬೇಕಂತ ನಾನು. ಇವರೂ ಒಲ್ಲೆ ಅಂದ್ರ ಮತ್ಯಾರ ಮುಂದೂ ನನ್ನ ನಿಲ್ಲಿಸಬ್ಯಾಡ ಅಕ್ಕಾ ಅಂದಾನ ತಮ್ಮ. ತಾಟಿನ ಮುಂದ ಕೂತು ಎದ್ದು ಹೋಗ್ತಾನ. ನೀ ನೋಡಿದ್ರ ಅವನ ಮ್ಯಾಲೆ ರೇಟ್ ಏರಿಸ್ಕೋಂತ ಕೂತೀ...

ನನಗೊಬ್ಬಾಕಿಗೆ ಕಡಿಮಿ ಮಾಡ್ತೀಯಾ? ನಿನ್ನ ದಯಾ ಬ್ಯಾಡ. ಇಳಿಸೂದಾದ್ರ ಎಲ್ಲಾರಿಗೂ ಇಳಸು. ಮೊದಲ ಹೇಳು, ಯಾರು ನೋಡಾಕತ್ತಾರ ಅದನ್ನ? ನಾ ಮೂರು ಸಲ ನೋಡೀನಿ. ಅವಂತೂ ನಾಚಿಕೊಂಡು ಆ ಕಡೆ ಹಾಯ್ದಿಲ್ಲ...

ಗೊತ್ತಾಗ್ತೈತಾ? ಹೆಸರು, ಊರು ಬರದಾ ಒಳಗ ಹೋಗಬೇಕಾ? ಹಂಗಾರ ನೋಡಿ ಹೇಳು. ಬ್ಯಾಳಿ ಒಲಿ ಮ್ಯಾಲೆ ಐತಿ, ಜಲ್ದಿ ನೋಡು...

ಹೆಸರು ಹೇಳಂಗಿಲ್ಲಾ? ರೂಲ್ಸಾ? ಮಂದಿ ಮಾರಿಗೆ ಬಾಯಿಗೆ ಬಂದ ರೇಟ್ ಹಚ್ಚಾಕ ರೂಲ್ಸ್ ಇಲ್ಲ, ಹೆಸರು ಹೇಳಾಕ ರೂಲ್ಸು. ಊರಾದ್ರೂ ಹೇಳು...

ನನ್ನ ಬಿಟ್ರ ಉಳಿದದ್ದೆಲ್ಲಾ ಒಬ್ಬರಾ? ಅದಾ ಅದಾ ಊರಿಂದಾ? ಯಾವೂರು?...

ಮುದ್ದೇಬಿಹಾಳ...

ಸಂಗಣ್ಣನ ಊರೋ ಅದು, ಹುಡುಗಿ ಊರು. ಕೇಳಾಕತ್ತೀನಿ. ಯಾವಾಗ ನೋಡ್ತಾರ? ದಿನಾನಾ?...

ಮಧ್ಯಾಹ್ನದ ಮ್ಯಾಲೆ. ಹಾಂ. ಸಂಗಣ್ಣ ಅಂದಿದ್ದ, ನಮ್ಮ ಶೈಲಾ ಕಂಪ್ಯೂಟರ್ ಕ್ಲಾಸಿಗೆ ಹೋಗ್ತಾಳ, ಭಾಳ ಶ್ಯಾಣ್ಯಾಕಿ ಅಂತ. ನನ್ನ ಹೋಳಗಿ ತಿನ್ಕೋಂತ ಎರಡು ಸಲ ಅಂದಿದ್ದ. ಶ್ಯಾಣ್ಯಾಕಿ ಮಾಡೂ ಕೆಲಸ ಇದೇನು? ಕ್ಲಾಸಿನ ಫೀಸು ಅಪ್ಪ ಕಟ್ಟೂದು, ಮಗಳು ಕೂತು ನನ್ನ ತಮ್ಮನ್ನ ನೋಡೂದು...

ನಗಬ್ಯಾಡೋ. ನಾ ನಕ್ಕೆ ಅಂತ ನೀ ನಗಬ್ಯಾಡ...

ಏನು, ಇಳಸ್ಲಿ? ರೇಟಾ? ಯಾರು ಹೇಳಿದ್ರು ಇಳಸು ಅಂತ?...

ನಾ ಹೇಳಿದ್ದು ಆಗ. ಈಗ ಮುಟ್ಟಬ್ಯಾಡ ಅದನ್ನ. ಐದುನೂರಕ್ಕ ಹೋಗಲಿ, ಸಾವಿರಕ್ಕ ಹೋಗಲಿ. ಏರತೈತಿ ಅಂದ್ರ ಆಕಿ ನೋಡಾಕತ್ತಾಳ ಅಂತ ಅರ್ಥ, ಹೌದಲ್ಲೋ? ಸಂಗಣ್ಣನ ಫೋನಿಗಿಂತ ನಿನ್ನ ರೇಟ್ ಚಲೋ, ಎತ್ತಿದ ಕೂಡ್ಲೆ ಉತ್ತರ ಕೊಡತೈತಿ...

ತಾನಾ ಇಳೀತೈತಾ? ಇವತ್ತಾ? ಯಾಕ ಇಳೀತೈತಿ?...

ಮುದ್ದೇಬಿಹಾಳದವರು ಮೂರು ದಿನದಿಂದ ನೋಡಿಲ್ಲ...

ಒಮ್ಮಿನೂ? ಸರಿಯಾಗಿ ನೋಡಿ ಹೇಳು. ಕರೆಂಟ್ ಹೋಗಿರಬೇಕು ಅಲ್ಲಿ. ಇಲ್ಲಾ ಕ್ಲಾಸಿಗೆ ಸೂಟಿ. ಯಾವ ಹಬ್ಬ ಐತಿ ಈಗ... ಯಾವ ಹಬ್ಬಾನೂ ಇಲ್ಲ. ಅಪ್ಪಗ ಗೊತ್ತಾತೇನೋ. ಬೈದು ಕ್ಲಾಸು ಬಿಡಿಸಿದನೇನೋ. ಇಲ್ಲಾ, ನೋಡಿ ನೋಡಿ ಸಾಕಾತೇನೋ ಆಕಿಗೆ... ಲೋಕೇಶ, ನಿನ್ನ ಕಂಪ್ಯೂಟರಿಗೆ ಹೇಳೋ, ಇನ್ನೆರಡು ದಿನ ತಡಿ ಅಂತ. ನಾ ಇವತ್ತ ಹೋಗಿ ಸೈಬರಿನಾಗ ಕೂತು ನೋಡ್ತೀನಿ ಬೇಕಾದ್ರ. ಇಳೀಬಾರದು ಅದು...

ಏನು? ನಡುವ ಬಾಯಿ ಹಾಕಿದೆ, ಹೌದು, ಈಗ ಹೇಳು. ಯಾಕ ನೋಡಿಲ್ಲ?...

ತಗೊಂಡಾರಾ... ಅವರಾ ತಗೊಂಡಾರಾ? ಅದಕ್ಕ ನೋಡಾಕ ಬಂದಿಲ್ಲಾ?...

ಇದನ್ನ ಮೊದಲ ಹೇಳಬಾರದೇನೋ ಹುಚ್ಚ? ನನ್ನ ಜೀವ ತಗದಿ. ಯಾವ ಸೈಜು? ದೊಡ್ಡದಾ?...

ಎಲ್ಲಕ್ಕಿಂತ ಸಣ್ಣದಾ. ಹಾಂ. ಗ್ವಾಡಿಗೆ ಹಾಕೂದಲ್ಲ ಹಂಗಾರ, ಪುಸ್ತಕದಾಗ ಇಡೂದು. ಎಲ್ಲಿಗೆ ಕಳಸು ಅಂದಾರ? ಹೆಸರು ಕೇಳಾಕತ್ತಿಲ್ಲೋ ನಾನು. ಮನಿಗೋ, ಕ್ಲಾಸಿಗೋ, ಅಷ್ಟಾ ಹೇಳು...

ಕ್ಲಾಸಿಗೆ... ಅಪ್ಪ ಇನ್ನೂ ಹೇಳ್ತೀವಿ ಅನ್ನೂದರಾಗಾ ಕೂತಾನ, ಮಗಳು ಹೇಳಿ ಮುಗಿಸ್ಯಾಳ...

ಬ್ಯಾಡ, ಬ್ಯಾಡ, ನನಗ ಈಗ ಯಾವ ಫೋಟೋನೂ ಬ್ಯಾಡ. ಮಹಾದೇವಿಗೆ ಹೇಳ್ತೀನಿ, ಸಂಗಣ್ಣನ ಮುಂದ ಬಾಯಿ ಬಿಡಬ್ಯಾಡ, ಅವನ ಹೇಂತಿ ಮುಂದ ಮಾತು ತಗಿ ಅಂತ. ಹುಡುಗಿ ಮನಸು ತಾಯಿ ಕೇಳ್ತಾಳ. ಅಪ್ಪಗಳು ಉಂಡು ಏಳಾಕ ಅಷ್ಟಾ ಬರೂದು...

ಅಂದಂಗ, ಎಷ್ಟಕ್ಕ ತಗೊಂಡ್ಲು? ಸುಮ್ಮ ಕೇಳಾಕತ್ತೀನಿ, ಹೇಳು...

ಎರಡುನೂರಾ ನಲವತ್ತಕ್ಕಾ? ಆ ಸಣ್ಣದಕ್ಕ? ಒಂದು ಫೋನ್ ಮಾಡಿ ಕಡಿಮಿ ಕೇಳಲಿಲ್ಲಾ? ಕೊರಿಯರಿಗೆ ಬ್ಯಾರೆ ಕೊಟ್ಲಾ?...

ಏನಂತ ಹೇಳೂದೋ. ನೋಡಿದಾಕಿನೂ ಆಕಿ, ನೋಡಿ ನೋಡಿ ರೇಟ್ ಏರಿಸಿದಾಕಿನೂ ಆಕಿ, ಏರಿದ ರೇಟ್ ಕೊಟ್ಟಾಕಿನೂ ಆಕಿ. ಶ್ಯಾಣ್ಯಾಕಿ ಅಂತ. ಇರಲಿ. ಮನಿಗೆ ಬರಲಿ. ಸಂತಿಗೆ ಕರಕೊಂಡು ಹೋಗಿ ಚೌಕಾಸಿ ಮಾಡೂದು ನಾನಾ ಕಲಸ್ತೀನಿ ಆಕಿಗೆ...

ಹಲೋ... ಕೇಳಾಕತ್ತೀಯಾ? ಯಾವಾಗ ಮುಟ್ಟತೈತಿ ಅದು ಆಕಿಗೆ? ಮಡಚದಂಗ ಕಳಸು, ಎರಡೂ ಕಡೆ ರಟ್ಟು... ಹಲೋ... ಲೋಕೇಶ, ಎರಡೂ ಕಡೆ...