ಬೀದಿ ಕಾವಲು

ಈಜಿಪ್ಟಿನ ಝಗಾಝೀಗ್ ಊರಿನ ಆಸ್ಪತ್ರೆಯಲ್ಲಿ ಐಸಿಯು ಬಾಗಿಲು ನೋಡಲು ಬಂದವರಿಗೆ ಮಧ್ಯಾಹ್ನ ಒಮ್ಮೆ ಮಾತ್ರ ತೆರೆಯುತ್ತದೆ. ನಿವೃತ್ತ ಶಿಕ್ಷಕಿ ವಿದಾದ್ ಸಾಲಿನಲ್ಲಿ ಪತ್ರಿಕೆ ಹಿಡಿದು ನಿಂತಿದ್ದರು, ಓದುತ್ತಿರಲಿಲ್ಲ; ಕಿವಿ ಮುಂದಿನವರ ಮಾತಿನ ಮೇಲಿತ್ತು. ಅವರ ಮುಂದೆ ಒಬ್ಬ ಅಕ್ಕ, ಒಬ್ಬ ತಮ್ಮ. ಅಕ್ಕನ ಕೈಯಲ್ಲಿ ಜೇನಿನ ಬಾಟಲಿ.

"ಕರಿಜೀರಿಗೆ ಹಾಕಿದೀನಿ ಕಣೋ. ಒಂದು ಚಮಚ ಹೋದ್ರೆ ರಗಬ್‌ಗೆ ಶಕ್ತಿ ಬರುತ್ತೆ."

"ಅಣ್ಣನ ಬಾಯಲ್ಲಿ ಕೊಳವೆ ಇದೆ ಅಕ್ಕ. ಶಕ್ತಿ ಇರೋದೇ ತೊಂದರೆಯಂತೆ."

"ಶಕ್ತಿ ಯಾರಿಗಾದ್ರೂ ತೊಂದರೆ ಆಗುತ್ತೇನೋ, ಕತ್ತೆ?"

"ಕಾಲಿನ ಗಾಯದಿಂದ ರಕ್ತಕ್ಕೆ ಇಳಿದ ಕ್ರಿಮಿಗಳು ಔಷಧಿಗೆ ಮೊನ್ನೇನೇ ಸತ್ತಿವೆಯಂತೆ. ಕ್ರಿಮಿಯ ಗುರುತು ಹಿಡಿಯೋ ಕಾವಲುಗಾರರು ನಮ್ಮ ಮೈಯಲ್ಲೇ ಇರ್ತಾರೆ, ಸತ್ತ ಕ್ರಿಮಿಯ ಚೂರು ತಗುಲಿದ್ರೂ ಕೂಗು ಹಾಕ್ತಾರೆ ಅಂದ್ರು ಡಾಕ್ಟರಮ್ಮ. ಆ ಕೂಗಿಗೆ ಮೈಯೆಲ್ಲ ಉರಿದು ಈಗ ಕಿಡ್ನಿ ಹೋಗಿದೆ."

"ಕಳ್ಳ ಸತ್ತ ಮೇಲೂ ಕೂಗ್ತಾರಾ?"

"ದಂಗೆಯ ವರ್ಷ ಪೊಲೀಸರು ಓಡಿಹೋದಾಗ, ಬೀದಿ ಕಾಯೋಕೆ ಅಣ್ಣ ಕೋಲು ಹಿಡಿದು ನಿಲ್ಲಲಿಲ್ವಾ? ಕಳ್ಳ ಬರಲೇ ಇಲ್ಲ. ತಲೆ ಮೇಲೆ ರೊಟ್ಟಿ ಹೊತ್ತು ಬಂದ ಬಾವನನ್ನೇ ಕಳ್ಳ ಅಂದ್ಕೊಂಡು ಕೈ ಮುರಿದ."

"ಅದನ್ನ ಈಗ ಎತ್ತಬೇಡ. ಅವತ್ತಿಂದ ನಾನು ಅವನ ಜೊತೆ ಮಾತಾಡಿಲ್ಲ."

ಬಾಗಿಲು ತೆರೆದು ನರ್ಸ್ ಕೂಗಿದಳು: "ರಗಬ್ ಕಡೆಯವರು! ಒಬ್ಬರೇ ಬನ್ನಿ. ಹೆಚ್ಚು ಹೊತ್ತಿಲ್ಲ, ಬೇಗ ನೋಡಿಕೊಂಡು ಹೋಗಿ."

"ನೀನು ಹೋಗು ಅಕ್ಕ."

"ಹೋಗಿ ಏನು ಹೇಳಲೋ?"

"ಕಳ್ಳ ಇಲ್ಲ, ಕೋಲು ಕೆಳಗಿಡು ಅನ್ನು."

"ಅವತ್ತೂ ಅದನ್ನೇ ಕಿರುಚಿದ್ದೆ. ಕೇಳಿದ್ನಾ?"

ಬಾಟಲಿಯನ್ನು ತಮ್ಮನ ಕೈಗೆ ತುರುಕಿ, ಅವಳು ಒಳಗೆ ಹೋದಳು.