ಶನಿವಾರ ಒಲಿ ಹಚ್ಚದ ಅಕ್ಕೋರು

...ಅಲ್ಲ, ಸಾಲ್ಯಾಗ ಆ ಹೊಸಾ ಹುಡುಗಿ ಮಗ್ಗಲಕ ಕುಂದ್ರಬ್ಯಾಡ, ಆ ಮಂದೀನ ಹಂಗ ಅಂತ ನಿನಗ ಹೇಳಿದವರು ಯಾರಬೇ? ಎಲ್ಲಾರೂ ಅಂತಾರ ಅನ್ನಬ್ಯಾಡ. ಎಲ್ಲಾರೂ ಅನ್ನೂ ಮಾತಿನ ಹಿಂದ ಯಾವನೋ ಒಬ್ಬ ಇರತಾನ. ಎರಡನೇ ದೊಡ್ಡ ಲಡಾಯಿ ಕಾಲದಾಗೂ ಹಂಗ ಆತು. ಬನಹಟ್ಟ್ಯಾಗ ನೂಲ ಸಿಗವಲ್ದು, ಮಗ್ಗ ಸುಮ್ನ ನಿಂತಿದ್ದು. ನಿಮ್ಮಜ್ಜ ತೀರಿಕೊಂಡಿದ್ದ, ನಾ ನೂಲಿನ ಸಾವ್ಕಾರ ಕೊಡೂ ಅಷ್ಟಿಷ್ಟು ನೂಲು ಸುತ್ತಿ ಹೊಟ್ಟಿ ಹೊರೀತಿದ್ನಿ. ನಿಮ್ಮವ್ವ ಆಗ ಒಂದನೇ ಇಯತ್ತೆ, ಅಲ್ಲ, ಎರಡನೇದು. ನಾ ಸಾಲಿ ಕಂಡಾಕಿ ಅಲ್ಲ, ಅಂಗಡಿ ಪುಡಕಿ ಕಾಗದ ನೋಡಿ ನೋಡಿ ಓದಾಕ ಕಲತಾಕಿ. ಮಗಳರೆ ಸಾಲಿ ಕಲೀಲಿ ಅಂತ ನನ್ನ ಹಟ. ಆ ಹೆಣ್ಮಕ್ಕಳ ಸಾಲಿಗೆ ಒಬ್ಬರ ಅಕ್ಕೋರು, ಕೊಂಕಣದ ಕಡಿಯವರು, ಯಹೂದಿ ಮಂದಿ. ಅವರು ಹೋದ್ರ ಸಾಲಿ ಮುಚ್ಚಿದಂಗ.

ಆ ಅಕ್ಕೋರು ಶನಿವಾರ ಒಲಿ ಹಚ್ಚತಿದ್ದಿಲ್ಲ, ಬಾಗಲಾ ಹಾಕ್ಕೊಂಡು ದೇವರ ನೆನೀತಿದ್ರು. ಅಷ್ಟ ಸಾಕಾತ್ನೋಡ್ರಿ! "ಲಡಾಯಿ ಹಚ್ಚಿದವರ ಯಹೂದಿಗಳು, ಈಕಿ ಒಳಗ ನೂಲು ಬಚ್ಚಿಟ್ಟಾಳ" ಅಂತ ಓಣಿ ತುಂಬ ಗುಸುಗುಸು. ಒಂದು ಶನಿವಾರ ಅಕ್ಕೋರ ಮನಿ ಮುಂದ ಮಂದಿ ಕೂಡೇ ಬಿಟ್ರು. ಮುಂದ ನೂಲಿನ ಸಾವ್ಕಾರ, ಅವನ ಬಾಜೂಕ ಆ ಮನಿ ಮಾಲಕ ಬಸಪ್ಪಕಾಕಾ, ಅಕ್ಕೋರನ್ನ ಹೊರಗ ಹಾಕಿ ಜಡ್ಯಾಕ ಕೈಯಾಗ ಕೀಲಿ. ಅಕ್ಕೋರು ಬಾಗಲದಾಗ ನಿಂತಾರ.

"ಕಾಕಾ, ಅಮಾಸಿ ದಿನ ನೀ ಮಗ್ಗಕ್ಕ ಕೈ ಹಚ್ಚತೀಯೇನು?" ಅಂದ್ನಿ.

"ಛೇ ಛೇ! ಅಮಾಸಿಗೆ ಯಾವ ನೇಕಾರ ನೇಯ್ತಾನವಾ?"

"ಮತ್ತ ಅವತ್ತ ಬಾಗಲಾ ಹಾಕ್ಕೊಂಡು ಏನ ಮಾಡ್ತಿ? ನೂಲು ಬಚ್ಚಿಡ್ತಿ ಹೌದಿಲ್ಲೋ?"

ಹೆಣ್ಮಕ್ಕಳು ಕಿಸಕ್ಕಂತ ನಕ್ಕರು. "ಏ, ಅದು ನಮ್ಮ ಹಿರೇರು ಹಾಕಿದ ಪದ್ಧತಿ!" ಅಂದ ಕಾಕಾ.

"ಇದು ಅವರ ಹಿರೇರು ಹಾಕಿದ್ದು."

ಸಾವ್ಕಾರ ನಡುವ ಬಾಯಿ ಹಾಕಿದ: "ಹಂಗಲ್ಲ ತಂಗಿ, ಆ ಜಾತೀನ..."

"ಆತ್ರೀ ಸಾವ್ಕಾರ್ರ, ಈ ಮನಿ ಝಡತಿ ಮಾಡೂಣು, ಮೂಲಿ ಮೂಲಿ ಹುಡುಕೂಣು. ಇಲ್ಲಿದಾತಂದ್ರ ಹಿಂಗ ಎಲ್ಲಾರೂ ಕೂಡಿ ನಿಮ್ಮ ಗೋದಾಮ ನೋಡೂಣು" ಅಂದ್ನಿ. ಅವಂಗ ಒಮ್ಮಿಗಿಲೆ ತೇರದಾಳಕ್ಕ ಹೋಗೂ ಕೆಲಸ ನೆನಪಾತು. ಕಾಕಾ ಕೀಲಿ ಕಿಸೇಕ ಇಟ್ಕೊಂಡು ಮನಿ ಹಾದಿ ಹಿಡದ. ಸೋಮವಾರ ನಿಮ್ಮವ್ವ ಪಾಟಿ ಹಿಡ್ಕೊಂಡು ಸಾಲಿಗೆ ಹೋದ್ಲು.

ನನಗ ನೂಲು ಕೊಡೂದು ಸಾವ್ಕಾರ ಬಂದ್ ಮಾಡಿದ. ಮಾಡ್ಲಿ. ಮಂದಿ ಹೊಲಕ್ಕ ಶೇಂಗಾ ಹರ್ಯಾಕ ಹೋದ್ನಿ, ಅವನ ಬಾಗಲಕ್ಕ ಮಾತ್ರ ಹೋಗಲಿಲ್ಲ. ಅವನ ಗೋದಾಮದಾಗ ನೂಲು ಇತ್ತೇನು ಅಂತೀರೇನು? ನನಗ ಇವತ್ತಿಗೂ ಸಂಶೇನ ಐತಿ. ಖರೆ ನಾ ಕಂಡಿಲ್ಲ, ಕಾಣದ್ದನ್ನ ಇತ್ತು ಅನ್ನಾಂಗಿಲ್ಲ. ಸಂತ್ಯಾಗಿನ ಜ್ವಾಳಾನ ಹಸನ ಮಾಡದ ಬೀಸೂದಿಲ್ಲ ನಾವು, ಮಂದಿ ಮಾತು ಹಂಗ ನುಂಗತೀರೇನು? ನಾಳೆ ಆ ಹುಡುಗಿ ಮಗ್ಗಲಕ ಹೋಗಿ ಕುಂದರು. ಏಳ್ರಿ, ರೊಟ್ಟಿ ಆರಾಕತ್ತಾವು.